ಹಳೇ ಕಾರಿಗೆ ಹೊಸ ಪೆಟ್ರೋಲ್ ಟ್ಯಾಂಕು: ತುಕ್ಕು ತಡೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಇನ್ನೂ ಓಡುತ್ತಿರುವ ಅಂಬಾಸಿಡರ್, ಫಿಯಟ್–ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಮತ್ತು ಹಳೇ ಪೆಟ್ರೋಲ್ ಜೀಪುಗಳ ಮಾಲೀಕರಿಗಾಗಿ ಇದನ್ನು ಬರೆಯಲಾಗಿದೆ. ಹಳೇ ಟ್ಯಾಂಕು ತೂತಾಗಿ ಹೊಸದು ತರಿಸಿದವರು, ಇಲ್ಲವೇ ಊರಲ್ಲೇ ತಗಡು ಕತ್ತರಿಸಿ ಮಾಡಿಸಿದವರು ಕೇಳುವ ಪ್ರಶ್ನೆಗಳಿವು. ಡೀಸೆಲ್ ಗಾಡಿಯ ಮಾತು ಕೊನೆಯಲ್ಲಿದೆ.

ಕಂಪನಿಯ ಟ್ಯಾಂಕು ಮೂವತ್ತು ವರ್ಷ ಬಾಳಿತು. ಹೊಸದು ಎರಡು ಮಳೆಗಾಲಕ್ಕೇ ಕೆಂಪಗಾಗುತ್ತದೆ. ಯಾಕೆ?

ಮೂಲ ಟ್ಯಾಂಕಿನ ತಗಡಿಗೆ ಬಹುತೇಕ ಸೀಸ–ತವರದ ಲೇಪ ಇರುತ್ತಿತ್ತು. ತಗಡಿನ ಹಂತದಲ್ಲೇ, ಎರಡೂ ಮೈಗೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಬದಲಿ ಟ್ಯಾಂಕುಗಳಲ್ಲಿ ಹೆಚ್ಚಿನವು ಬರೀ ಸಿ.ಆರ್. ತಗಡು, ಅಂದರೆ ಲೇಪವಿಲ್ಲದ ಉಕ್ಕಿನ ತಗಡು. ಹೊರಗೆ ಒಂದು ಕೋಟು ಕಪ್ಪು ಬಣ್ಣ, ಒಳಗೆ ತೆಳ್ಳಗೆ ಎಣ್ಣೆ, ಅಷ್ಟೆ. ಆ ಎಣ್ಣೆ ಮೊದಲ ಸಲ ಪೆಟ್ರೋಲ್ ತುಂಬಿದಾಗಲೇ ತೊಳೆದುಹೋಗುತ್ತದೆ.

ಎರಡನೆಯದು ಬೆಸುಗೆಯ ಉಳಿಕೆ. ಸೀಸದ ಬೆಸುಗೆಗೆ ಆ್ಯಸಿಡ್‌ನಲ್ಲಿ ಸತುವಿನ ಚೂರು ಕರಗಿಸಿದ ದ್ರಾವಣ ಬಳಿಯುತ್ತಾರೆ. ಅದು ಸತುವಿನ ಕ್ಲೋರೈಡ್. ಗಾಳಿಯ ತೇವವನ್ನು ತಾನೇ ಎಳೆದುಕೊಳ್ಳುತ್ತದೆ. ಮೂಲೆ, ಮಡಿಕೆಗಳಲ್ಲಿ ಅದು ಉಳಿದರೆ ತುಕ್ಕು ಅಲ್ಲಿಂದಲೇ ಶುರು. ಹೊಸ ಟ್ಯಾಂಕು ಬೇಗ ಕೆಡಲು ನಮ್ಮ ಲೆಕ್ಕದಲ್ಲಿ ಇದೇ ದೊಡ್ಡ ಕಾರಣ, ಆದರೆ ಎಲ್ಲರೂ ಬೈಯುವುದು ಪೆಟ್ರೋಲನ್ನು.

ಮೂರನೆಯದು ನಿಂತ ಗಾಡಿ. ದಿನಾ ಓಡುತ್ತಿದ್ದ ಕಾಲದಲ್ಲಿ ಟ್ಯಾಂಕಿಗೆ ವಾರವಾರ ಹೊಸ ಪೆಟ್ರೋಲ್ ಬೀಳುತ್ತಿತ್ತು. ಈಗ ಮದುವೆಗೆ, ಆಯುಧ ಪೂಜೆಗೆ ಮಾತ್ರ ಆಚೆ ಬರುವ ಕಾರಿನಲ್ಲಿ ಕಾಲು ಟ್ಯಾಂಕು ಪೆಟ್ರೋಲು ತಿಂಗಳುಗಟ್ಟಲೆ ಕೂತಿರುತ್ತದೆ. ಮೇಲಿನ ಮುಕ್ಕಾಲು ಬರೀ ಕಬ್ಬಿಣ ಮತ್ತು ಗಾಳಿ.

ನಮ್ಮದು ಬಯಲುಸೀಮೆ. ಟ್ಯಾಂಕಿನೊಳಗೆ ನೀರು ಎಲ್ಲಿಂದ ಬರಬೇಕು?

ಗಾಳಿಯಿಂದ ಬರುತ್ತದೆ ಎಂಬುದು ನಿಜ, ಆದರೆ ಜನ ತಿಳಿದಷ್ಟಲ್ಲ. ಲೆಕ್ಕ ಹಾಕಿ ನೋಡಿ. ಟ್ಯಾಂಕಿನಲ್ಲಿ 40 ಲೀಟರ್ ಖಾಲಿ ಜಾಗ ಇದೆ, ಹಗಲು–ರಾತ್ರಿಗೆ 15 ಡಿಗ್ರಿ ಏರಿಳಿತ ಇದೆ ಎಂದುಕೊಳ್ಳಿ. ಒಳಗಿನ ಗಾಳಿ ಶೇ. 5ರಷ್ಟು ಹಿಗ್ಗಿ ಕುಗ್ಗುತ್ತದೆ, ಅಂದರೆ ರಾತ್ರಿ 2 ಲೀಟರ್ ಹೊರಗಾಳಿ ಒಳಗೆ ಬರುತ್ತದೆ. 25 ಡಿಗ್ರಿಯಲ್ಲಿ ಪೂರ್ತಿ ತೇವಗೊಂಡ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಿರುತ್ತದೆ. ಆ 2 ಲೀಟರಿನಲ್ಲಿ 0.05 ಗ್ರಾಂ ಕೂಡ ಇಲ್ಲ. ನಾಲ್ಕು ತಿಂಗಳ ಮಳೆಗಾಲಕ್ಕೆ ಒಂದು ಚಮಚ. ಪೆಟ್ರೋಲ್ ಆವಿಯ ಏರಿಳಿತದಿಂದ ಉಸಿರಾಟ ಇದರ ಕೆಲವು ಪಟ್ಟು ಹೆಚ್ಚಿದರೂ ಕಾಲು ಲೋಟ ದಾಟುವುದು ಕಷ್ಟ. ಬಂದ ತೇವವೆಲ್ಲ ನೀರಾಗಿ ಇಳಿಯುವುದೂ ಇಲ್ಲ. ಆದರೂ ಆ ಅಷ್ಟಿಷ್ಟು ಹನಿ ಬರಿಗಬ್ಬಿಣದ ಚಾವಣಿಯ ಮೇಲೆ ರಾತ್ರಿ ರಾತ್ರಿ ಕೂರುತ್ತದಲ್ಲ, ಒಳಗೆ ತುಕ್ಕು ಮೇಲ್ಭಾಗದಲ್ಲೇ ಮೊದಲು ಕಾಣುವುದು ಅದಕ್ಕೆ.

ತಳದಲ್ಲಿ ಲೋಟಗಟ್ಟಲೆ ನೀರು ಸಿಕ್ಕರೆ ಅದು ಗಾಳಿಯದ್ದಲ್ಲ. ಮುಚ್ಚಳದ ರಬ್ಬರ್ ವಾಷರ್ ಗಟ್ಟಿಯಾಗಿ ಬಿರಿದಿರಬೇಕು, ಇಲ್ಲವೇ ಪೆಟ್ರೋಲ್ ಹಾಕುವ ಕೊಳವೆಗೂ ಟ್ಯಾಂಕಿಗೂ ನಡುವಿನ ರಬ್ಬರ್ ಮೆದುಕೊಳವೆ ಸೀಳಿರಬೇಕು. ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಗನ್ ಅನ್ನು ಮುಚ್ಚಳಕ್ಕೆ ನೇರ ಹಿಡಿದರೆ ಒಂದೇ ಸಲಕ್ಕೆ ಇಡೀ ಮಳೆಗಾಲಕ್ಕಿಂತ ಹೆಚ್ಚು ನೀರು ಒಳಗೆ ಹೋಗಬಹುದು. ಆಯುಧ ಪೂಜೆಯ ಹಿಂದಿನ ದಿನ ಹುಡುಗರ ಕೈಗೆ ಪೈಪು ಕೊಡುವ ಮುಂಚೆ ಮುಚ್ಚಳದ ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ.

ಇ20 ಪೆಟ್ರೋಲಿನಿಂದ ಟ್ಯಾಂಕು ತುಕ್ಕು ಹಿಡಿಯುತ್ತದೆಯೇ?

ಇ20 ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಸಿಕ್ಕಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ. 1957ರಿಂದ 2014ರವರೆಗೆ ಬಂದ ಅಂಬಾಸಿಡರ್‌ಗಳಲ್ಲಿ ಯಾವುದನ್ನೂ ಇದಕ್ಕೆಂದು ಮಾಡಿರಲಿಲ್ಲ.

ನೀರಿಲ್ಲದ ಎಥನಾಲ್ ಪೆಟ್ರೋಲು ತಾನಾಗಿ ಕಬ್ಬಿಣವನ್ನು ತಿನ್ನುವುದಿಲ್ಲ. ಎಥನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಶೇ. 10 ಬೆರೆತ ಪೆಟ್ರೋಲಿನಲ್ಲಿ ಆ ಮಿತಿ ಸುಮಾರು ಅರ್ಧ ಶೇಕಡಾ, ಶೇ. 20ರಲ್ಲಿ ಇನ್ನೂ ಹೆಚ್ಚು. ಅಷ್ಟರೊಳಗೆ ಇದ್ದರೆ ನೀರು ಪೆಟ್ರೋಲಿನ ಜತೆಗೇ ಸುಟ್ಟುಹೋಗುತ್ತದೆ, ಅದು ಒಳ್ಳೆಯದೇ. ಮಿತಿ ದಾಟಿತೋ, ನೀರು ಎಥನಾಲನ್ನೂ ಎಳೆದುಕೊಂಡು ಬೇರೆ ಪದರವಾಗಿ ತಳಕ್ಕೆ ಇಳಿಯುತ್ತದೆ. ಆ ಪದರ ವಿದ್ಯುತ್ ಹರಿಸುತ್ತದೆ, ಕ್ಲೋರೈಡ್ ಕರಗಿಸುತ್ತದೆ, ಹಳತಾದಂತೆ ಹುಳಿಯಾಗುತ್ತದೆ. ಟ್ಯಾಂಕಿನ ತಳ ಸೂಜಿಮೊನೆಯಂಥ ಗುಳಿ ಬಿದ್ದು ತೂತಾಗುವುದು ಇದರ ಕೆಳಗೆ.

ತಣ್ಣಗಾದಷ್ಟೂ ಆ ಮಿತಿ ಇಳಿಯುತ್ತದೆ. ಸಂಜೆ ಚೆನ್ನಾಗಿ ಓಡಿದ ಗಾಡಿ ಡಿಸೆಂಬರ್ ಬೆಳಿಗ್ಗೆ ಕೆಮ್ಮುತ್ತಾ ಎದ್ದರೆ ಕಾರ್ಬೊರೇಟರ್ ಬಿಚ್ಚುವ ಮೊದಲು ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಗಾಜಿನ ಬಾಟಲಿಗೆ ಇಳಿಸಿ ನೋಡಿ. ಎರಡು ಪದರ ಕಂಡರೆ ಕಾರಣ ಸಿಕ್ಕಂತೆ.

ಯಾವ ತಗಡಿನಲ್ಲಿ ಮಾಡಿಸುವುದು ಒಳ್ಳೆಯದು?

ಸಿ.ಆರ್. ತಗಡಾದರೆ 18 ಗೇಜ್, ಅಂದರೆ 1.2 ಮಿ.ಮೀ. 20 ಗೇಜ್, 0.9 ಮಿ.ಮೀ. ನಡೆಯುತ್ತದೆ. 22ಕ್ಕೆ ಇಳಿಯಬೇಡಿ.

ಜಿ.ಐ. ತಗಡು, ಅಂದರೆ ಸತುವಿನ ಲೇಪದ ತಗಡು, ಬೇಡವೇ ಬೇಡ. ತುಕ್ಕು ಹಿಡಿಯದು ಎಂದು ಟಿಂಕರ್‌ಗಳು ಮೊದಲು ಹೇಳುವುದು ಅದನ್ನೇ. ನೀರು ಸೇರಿದ ಎಥನಾಲ್ ಸತುವನ್ನು ಕರಗಿಸಿ ಬಿಳಿ ಪುಡಿ ಮಾಡುತ್ತದೆ, ಆ ಪುಡಿ ಕಾರ್ಬೊರೇಟರ್ ಜೆಟ್‌ನಲ್ಲಿ ಕೂರುತ್ತದೆ. ವೆಲ್ಡ್ ಮಾಡಿದ ಕಡೆ ಸತು ಸುಟ್ಟುಹೋಗಿರುವುದರಿಂದ ತುಕ್ಕು ಅಲ್ಲೂ ಬಂದೇ ಬರುತ್ತದೆ. ಆ ಹೊಗೆ ವೆಲ್ಡರಿಗೂ ಕೆಟ್ಟದ್ದು.

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಟಿಗ್ ವೆಲ್ಡಿಂಗ್ ಬಲ್ಲವರು ಮಾಡಿದರೆ ಒಳಗಿನ ತುಕ್ಕಿನ ಚಿಂತೆ ಮುಗಿಯಿತು. ದುಬಾರಿ, ಮೂಲ ರೂಪ ಬರುವುದಿಲ್ಲ, ತಾಪದಿಂದ ತಗಡು ಸೊಟ್ಟಗಾಗಿ, ಟ್ಯಾಂಕನ್ನು ಹಿಡಿದಿಡುವ ಲೋಹದ ಪಟ್ಟಿಗೆ ಸರಿಯಾಗಿ ಕೂರದಿರಬಹುದು. ಪ್ರದರ್ಶನಕ್ಕೆ ಇಡದೆ ಓಡಿಸುವ ಗಾಡಿಯಾದರೆ ನಮ್ಮ ಒಲವು ಇದರ ಕಡೆಗೇ.

ಯಾವುದರಲ್ಲಿ ಮಾಡಿಸಿದರೂ ಒಳಗಿನ ಅಡ್ಡ ತಗಡುಗಳನ್ನು ಬಿಡಿಸಬೇಡಿ. ಅವಿಲ್ಲದಿದ್ದರೆ ಪೆಟ್ರೋಲ್ ಕುಲುಕಿ ಕುಲುಕಿ ತಗಡಿನ ಅಂಚುಗಳು ಕೂಡುವ ಹೊಲಿಗೆ ಬಿರಿಯುತ್ತದೆ. ಅವುಗಳ ಕೆಳ ಮೂಲೆಗಳನ್ನು ಮಾತ್ರ ಕತ್ತರಿಸಲು ಹೇಳಿ, ಇಲ್ಲದಿದ್ದರೆ ನೀರು ಆ ಖಾನೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತಳದ ಅತಿ ತಗ್ಗಿನ ಜಾಗದಲ್ಲಿ ಡ್ರೈನ್ ಪ್ಲಗ್ ಇಡಿಸುವುದಂತೂ ಆಮೇಲೆ ಆಗದ ಕೆಲಸ.

ಟ್ಯಾಂಕು ಮನೆಗೆ ಬಂದಿದೆ. ಕೂರಿಸುವ ಮೊದಲು ಏನು ನೋಡಬೇಕು?

ಮೊಬೈಲ್ ಟಾರ್ಚ್ ಹಾಕಿ ಗೇಜ್ ಯೂನಿಟ್‌ನ (ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯುವ ಭಾಗ) ತೂತಿನಿಂದ ಒಳಗೆ ನೋಡಿ. ಬೂದು–ಬಿಳಿ ಪುಡಿ ಕಂಡರೆ ಬೆಸುಗೆಯ ಉಳಿಕೆ, ಸಣ್ಣ ಗುಂಡುಗಳು ಕಂಡರೆ ವೆಲ್ಡಿಂಗ್ ಸಿಡಿತ. ಅಲುಗಾಡಿಸಿ ಕೇಳಿ. ಪೆಟ್ರೋಲ್ ಎಳೆಯುವ ಕೊಳವೆಯ ತುದಿ ತಳಕ್ಕೆ ಮುಟ್ಟಿರಬಾರದು, 10ರಿಂದ 15 ಮಿ.ಮೀ. ಮೇಲಿರಬೇಕು.

ಆಮೇಲೆ ಸೋರಿಕೆ ಪರೀಕ್ಷೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಮಾತ್ರ ಒಯ್ಯಬೇಡಿ. 80 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಒಂದು ಮೈ ಮೇಲೆ 30 ಪಿಎಸ್‌ಐ ಅಂದರೆ ಎಂಟು ಟನ್‌ಗೂ ಮೀರಿದ ಒತ್ತಡ. ಟ್ಯಾಂಕು ಉಬ್ಬಿ ಹೋಗುತ್ತದೆ, ಸಿಡಿದರೂ ಸಿಡಿಯಬಹುದು. ಬೇಕಾಗಿರುವುದು 0.1 ಬಾರ್, ಅಂದರೆ ಒಂದು ಮೀಟರ್ ನೀರಿನ ಎತ್ತರದ ಒತ್ತಡ. ಅಷ್ಟಕ್ಕೇ ಆ ಮೈ ಮೇಲೆ 400 ಕೆ.ಜಿ. ಬೀಳುತ್ತದೆ.

ಇದನ್ನು ಅಳೆಯಲು ಗಾರೆ ಕೆಲಸದವರ ಲೆವೆಲ್ ಪೈಪು ಸಾಕು. ಸುಮಾರು 3 ಮೀಟರ್ ಪಾರದರ್ಶಕ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಅರ್ಧ ನೀರು ತುಂಬಿ. ಒಂದು ತುದಿ ಟ್ಯಾಂಕಿಗೆ, ಇನ್ನೊಂದು ತೆರೆದಿರಲಿ. ಉಳಿದ ತೂತುಗಳನ್ನೆಲ್ಲ ರಬ್ಬರ್ ಬಿರಡೆಯಿಂದ ಮುಚ್ಚಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಡಿ. ಎರಡೂ ಕಡೆಯ ನೀರಿನ ಮಟ್ಟಕ್ಕೆ ಒಂದು ಮೀಟರ್ ವ್ಯತ್ಯಾಸ ಬಂದಾಗ ನಿಲ್ಲಿಸಿ, ಹೊಲಿಗೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ, 15 ನಿಮಿಷ ಕಾಯಿರಿ. ನೆರಳಲ್ಲೇ ಮಾಡಿ. ಬಿಸಿಲಿಗೆ ಒಳಗಿನ ಗಾಳಿ 3 ಡಿಗ್ರಿ ಬಿಸಿಯಾದರೂ ಮಟ್ಟ 10 ಸೆಂ.ಮೀ. ಏರಿ ಸಣ್ಣ ಸೋರಿಕೆಯನ್ನು ಮರೆಮಾಚುತ್ತದೆ.

ಇದು ಪೆಟ್ರೋಲ್ ಕಾಣದ ಹೊಸ ಟ್ಯಾಂಕಿಗೆ ಮಾತ್ರ ಹೇಳಿದ್ದು.

ಹೊಸ ಟ್ಯಾಂಕನ್ನೂ ತೊಳೆಯಬೇಕೇ? ಬೋರ್ ನೀರು ನಡೆಯುತ್ತದೆಯೇ?

ತೊಳೆಯಲೇಬೇಕು. 8 ಲೀಟರ್ ಬಿಸಿನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ. ನೀರು ಕೈ ಹಾಕಲಾಗದಷ್ಟು ಬಿಸಿ ಇರಲಿ, ರಬ್ಬರ್ ಕೈಗವಸು ಹಾಕಿಕೊಳ್ಳಿ. ಟ್ಯಾಂಕಿಗೆ ಸುರಿದು ಆರೂ ಮೈ ಮೇಲೆ ಹತ್ತು ಹತ್ತು ನಿಮಿಷ ಮಲಗಿಸಿ ಕುಲುಕಿ. ಹೊರಬಂದ ನೀರು ಕೊಳಕಾಗಿದ್ದರೆ ಇನ್ನೊಮ್ಮೆ. ಈ ಸೋಡಾ ಎಣ್ಣೆಯನ್ನೂ ತೆಗೆಯುತ್ತದೆ, ಬೆಸುಗೆಯ ಆ್ಯಸಿಡ್ಡನ್ನೂ ಸಾಯಿಸುತ್ತದೆ. ಒಳಗೆ ನಟ್ಟು, ಸರಪಳಿ ಹಾಕಿ ಕುಲುಕುವುದು ಹೊಸ ಟ್ಯಾಂಕಿಗೆ ಬೇಕಿಲ್ಲ. ಅಡ್ಡ ತಗಡಿನ ಹಿಂದೆ ಒಂದು ನಟ್ಟು ಸಿಕ್ಕಿಕೊಂಡರೆ ಅದನ್ನು ತೆಗೆಯುವುದರಲ್ಲೇ ಸಂಜೆಯಾಗುತ್ತದೆ.

ಮೊದಲ ಎರಡು ತೊಳೆತಕ್ಕೆ ಬೋರ್ ನೀರು ಸಾಕು. ಕೊನೆಯದಕ್ಕೆ ಬೇಡ: ಚಿತ್ರದುರ್ಗ, ಚಳ್ಳಕೆರೆ ಕಡೆಯ ಗಡಸು ನೀರು ಆರಿದ ಮೇಲೆ ಉಪ್ಪನ್ನು ಬಿಟ್ಟುಹೋಗುತ್ತದೆ, ಅದರಲ್ಲಿ ಕ್ಲೋರೈಡೂ ಇರುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಒಂದು ಕ್ಯಾನ್ ತಂದು ಎರಡು ಸಲ ಜಾಲಿಸಿ.

ಇನ್ನು ಆರಿಸುವುದು. ಒದ್ದೆ ಬರಿಗಬ್ಬಿಣ ಅರ್ಧ ಗಂಟೆಯಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೀರು ಬಸಿದ ಕೂಡಲೇ ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಎಲ್ಲ ಮೂಲೆಗೂ ತಾಗಿಸಿ ಚೆಲ್ಲಿ. ಅದು ಉಳಿದ ನೀರನ್ನು ತನ್ನ ಜತೆ ಕರೆದೊಯ್ಯುತ್ತದೆ. ಆಮೇಲೆ ಬಯಲಲ್ಲಿ, ಬೆಂಕಿ, ಸ್ವಿಚ್ಚುಗಳಿಂದ ದೂರ, ತೂತುಗಳನ್ನೆಲ್ಲ ತೆರೆದು ಬಿಸಿಲಿಗೆ ಇಡಿ. ಏಪ್ರಿಲ್ ಬಿಸಿಲಿನ ತಾರಸಿಗಿಂತ ಒಳ್ಳೆಯ ಒಲೆ ಬೇಕಿಲ್ಲ. ಆಲ್ಕೋಹಾಲಿನ ವಾಸನೆ ಪೂರ್ತಿ ಹೋಗುವವರೆಗೆ ಹೇರ್ ಡ್ರೈಯರ್, ಬ್ಲೋವರ್ ಹತ್ತಿರ ತರಬೇಡಿ.

ಟ್ಯಾಂಕು ಕೂರಿಸಲು ಇನ್ನೂ ವಾರವಿದ್ದರೆ 150 ಮಿ.ಲೀ. 2ಟಿ ಎಣ್ಣೆ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಹಾಕಿ ಒಳಮೈಗೆಲ್ಲ ಸವರುವಂತೆ ತಿರುಗಿಸಿ, ಹೆಚ್ಚಾದದ್ದು ಬಸಿದು, ತೂತು ಮುಚ್ಚಿಡಿ. ಅದು ಪೆಟ್ರೋಲಿನಲ್ಲಿ ಪೂರ್ತಿ ಕರಗುತ್ತದೆ. ಮೊದಲ ಟ್ಯಾಂಕು ಮುಗಿಯುವವರೆಗೆ ಸ್ವಲ್ಪ ಹೊಗೆ ಬರಬಹುದು. ಒಳಗೆ ಸೀಲರ್, ಅಂದರೆ ಒಳಮೈಗೆ ಅಂಟಿ ಗಟ್ಟಿ ಪೊರೆಯಾಗುವ ಲೇಪ, ಹಾಕಿಸುವ ಯೋಚನೆ ಇದ್ದರೆ ಮಾತ್ರ ಎಣ್ಣೆ ಮುಟ್ಟಿಸಬೇಡಿ.

ಒಳಗೆ ಆಗಲೇ ತೆಳು ತುಕ್ಕು ಬಂದಿದೆ. ಬಾತ್‌ರೂಮ್ ಆ್ಯಸಿಡ್ ಹಾಕಬಹುದೇ?

ಬೇಡ. ಅದು ಹೈಡ್ರೋಕ್ಲೋರಿಕ್ ಆ್ಯಸಿಡ್. ತುಕ್ಕನ್ನು ಹತ್ತು ನಿಮಿಷದಲ್ಲಿ ತೆಗೆಯುತ್ತದೆ, ಮಡಿಕೆಗಳಲ್ಲಿ ಕ್ಲೋರೈಡ್ ಬಿಟ್ಟುಹೋಗುತ್ತದೆ. ಆರು ತಿಂಗಳಿಗೆ ಅದೇ ಮಡಿಕೆ ಮತ್ತೆ ಕೆಂಪು.

ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್, ನಿಧಾನ ಆದರೆ ಕ್ಷೇಮ. ಲೀಟರಿಗೆ 50 ಗ್ರಾಂ. ಟ್ಯಾಂಕನ್ನು ಪೂರ್ತಿ ತುಂಬುವುದು ಉತ್ತಮ, 50 ಲೀಟರಿಗೆ ಎರಡೂವರೆ ಕೆ.ಜಿ. ಬೇಕು. ಅರ್ಧ ತುಂಬಿಟ್ಟರೆ ನೀರಿನ ಗೆರೆಯುದ್ದಕ್ಕೂ ಕಬ್ಬಿಣ ಹೆಚ್ಚು ತಿನ್ನಲ್ಪಡುತ್ತದೆ. ಬೆಚ್ಚಗಿನ ನೀರಾದರೆ 12 ಗಂಟೆ, ತಣ್ಣೀರಾದರೆ ಒಂದು ದಿನ. ಸಣ್ಣ ಗುಳ್ಳೆ ಏಳುತ್ತದೆ, ಅದು ಹೈಡ್ರೋಜನ್. ಮುಚ್ಚಳ ಬಿಗಿಯಬೇಡಿ, ಹತ್ತಿರ ಬೀಡಿ ಸೇದಬೇಡಿ. ಬಸಿದ ಕೂಡಲೇ ಲೀಟರಿಗೆ 20 ಗ್ರಾಂ ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ಮೇಲೆ ಹೇಳಿದಂತೆ ಜಾಲಿಸಿ ಆರಿಸಿ.

ಸತು ಅಥವಾ ಸೀಸ–ತವರದ ಲೇಪ ಇರುವ ಟ್ಯಾಂಕಿಗೆ ಇದನ್ನು ಮಾಡಿದರೆ ಲೇಪವೇ ಹೋಗುತ್ತದೆ. ಸೀಸ ಬೆರೆತ ಆ ನೀರು ಮೋರಿಗೂ ತೋಟಕ್ಕೂ ಬೀಳಬಾರದು.

ಹೊಸ ಟ್ಯಾಂಕಿಗೆ ಒಳಗೆ ಸೀಲರ್ ಹಾಕಿಸಲೇಬೇಕೇ?

ಬೇಕಿಲ್ಲ. ಗಟ್ಟಿ ತಗಡು, ಸೋರಿಕೆ ಇಲ್ಲ, ಉಳಿಕೆ ತೊಳೆದಾಗಿದೆ, ಗಾಡಿ ತಿಂಗಳಿಗೆ ಎರಡು ಸಲವಾದರೂ ಓಡುತ್ತದೆ ಅಂದರೆ ಸೀಲರ್ ಹಾಕಿಸಿ ಲಾಭಕ್ಕಿಂತ ತಲೆನೋವು ಹೆಚ್ಚು. ಹೊಸ ತಗಡಿನ ಮೈ ನುಣುಪು, ಅದಕ್ಕೆ ಸೀಲರ್ ಹಿಡಿತ ಸಿಗುವುದಿಲ್ಲ. ಒಂದು ಕಡೆ ಬಿಟ್ಟರೆ ಅದರಡಿ ನೀರು ನುಗ್ಗಿ, ಹೊರಗೆ ಕಾಣದಂತೆ ತುಕ್ಕು ನಡೆಯುತ್ತದೆ. ಕಿತ್ತ ಪೊರೆ ಕೊಳವೆಯ ಬಾಯಿಗೆ ಅಂಟಿ, ರಾಷ್ಟ್ರೀಯ ಹೆದ್ದಾರಿಯ ನಡುವೆ ಗಾಡಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಪೊರೆ ಕೆಳಗೆ ಬಿದ್ದು ಗಾಡಿ ಮತ್ತೆ ಓಡುತ್ತದೆ, ಆದ್ದರಿಂದ ಮೆಕ್ಯಾನಿಕ್ ಸುಮ್ಮನೆ ಪಂಪು, ಕಾಯಿಲ್ ಬದಲಿಸುತ್ತಾ ಹೋಗುತ್ತಾರೆ.

ವರ್ಷದಲ್ಲಿ ಹತ್ತು ತಿಂಗಳು ನಿಂತೇ ಇರುವ ಗಾಡಿಗೆ, ಬೆಸುಗೆಯಲ್ಲಿ ಸೂಕ್ಷ್ಮ ರಂಧ್ರಗಳಿರುವ ಟ್ಯಾಂಕಿಗೆ ಸೀಲರ್ ಅರ್ಥಪೂರ್ಣ.

ಹಾಕಿಸುವುದೇ ಆದರೆ ಯಾವುದು, ಹೇಗೆ?

ಎಥನಾಲ್ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವ ಎರಡು ಭಾಗದ ನೊವೊಲಾಕ್ ಎಪಾಕ್ಸಿ, ಇಲ್ಲವೇ ಟ್ಯಾಂಕಿಗೆಂದೇ ಮಾಡಿದ ಯುರೆಥೇನ್ ಸೀಲರ್. ಅಂಟು ಹಾಕುವ ಮಾಮೂಲಿ ಎಪಾಕ್ಸಿಯನ್ನು ತೆಳ್ಳಗೆ ಮಾಡಿ ಸುರಿಯುವುದು ಅಲ್ಲಲ್ಲಿ ನಡೆಯುತ್ತದೆ; ಆಲ್ಕೋಹಾಲಿಗೆ ಅದು ಮೆತ್ತಗಾಗಿ ಜೆಲ್ಲಿಯಾಗುತ್ತದೆ.

50 ಲೀಟರಿನ ಟ್ಯಾಂಕಿನ ಒಳಮೈ ಅಡ್ಡ ತಗಡು ಸೇರಿ ಸುಮಾರು ಒಂದೂವರೆ ಚದರ ಮೀಟರ್. ಕಾಲು ಮಿ.ಮೀ. ದಪ್ಪಕ್ಕೆ 400 ಮಿ.ಲೀ. ಹತ್ತಿರ ಬೇಕು, ಬಸಿದುಹೋಗುವುದು ಸೇರಿಸಿ ಮುಕ್ಕಾಲು ಲೀಟರ್ ಇಟ್ಟುಕೊಳ್ಳಿ. ಮೊದಲು ಸೋಡಾ ತೊಳೆತ, ಆಮೇಲೆ ಫಾಸ್ಫಾರಿಕ್ ಆ್ಯಸಿಡ್ ಇರುವ ಮೆಟಲ್ ಕಂಡಿಷನರ್. ಅದು ಮೈಯನ್ನು ಸ್ವಲ್ಪ ಒರಟು ಮಾಡಿ ಹಿಡಿತ ಕೊಡುತ್ತದೆ. ಕಂಡಿಷನರ್ ತೊಳೆದ ಮೇಲೆ ಸಂಪೂರ್ಣ ಆರಬೇಕು. ಒಂದು ಹನಿ ನೀರು ಉಳಿದಿದ್ದರೂ ಅಲ್ಲಿ ಗುಳ್ಳೆ.

ಗೇಜ್ ಯೂನಿಟ್ ತೂತಿನ ಎಳೆಗಳಿಗೆ ವ್ಯಾಸಲೀನ್ ಸವರಿ. ಪೆಟ್ರೋಲ್ ಎಳೆಯುವ ಕೊಳವೆಯೊಳಗೆ ಸೀಲರ್ ಗಟ್ಟಿಯಾಗದಂತೆ ತಿರುಗಿಸುವಾಗ ನಡುನಡುವೆ ಗಾಳಿ ಊದಿ. ಇದನ್ನು ಮರೆತವರು ಆಮೇಲೆ ಕೊಳವೆಯನ್ನು ಡ್ರಿಲ್ ಮಾಡುತ್ತಾರೆ. 10 ಡಿಗ್ರಿ ಬಿಸಿ ಏರಿದರೆ ಕಲಸಿದ ಎಪಾಕ್ಸಿ ಗಟ್ಟಿಯಾಗುವ ಸಮಯ ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಡಬ್ಬಿಯ ಮೇಲೆ 25 ಡಿಗ್ರಿಗೆ 40 ನಿಮಿಷ ಎಂದಿದ್ದರೆ ನಮ್ಮ ಬೇಸಿಗೆಯ ಮಧ್ಯಾಹ್ನ 20 ನಿಮಿಷವೂ ಸಿಗದು. ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಎಡೆಬಿಡದೆ ಸುಳಿ ಸುಳಿದು ತಿರುಗಿಸಿ, ಕೊನೆಗೆ ಡ್ರೈನ್ ತೂತಿನಿಂದ ಪೂರ್ತಿ ಬಸಿಯಿರಿ. ತಳದಲ್ಲಿ ನಿಂತ ದಪ್ಪ ಮಡು ಒಳಗೆ ಹಸಿಯಾಗಿಯೇ ಉಳಿದು, ಮೊದಲು ಕಿತ್ತು ಬರುವುದು ಅದೇ. ಪೆಟ್ರೋಲ್ ತುಂಬುವ ಮೊದಲು ಒಂದು ವಾರ ಬಿಡಿ, ಡಬ್ಬಿ ಕಡಿಮೆ ಹೇಳಿದ್ದರೂ ಸರಿ.

ಹೊರಮೈಗೆ ರೆಡ್ ಆಕ್ಸೈಡ್ ಹೊಡೆದು ಮೇಲೆ ಡಾಂಬರು ಬಳಿದರೆ ಸಾಕಲ್ಲವೇ?

ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ಗೇಟು–ಕಿಟಕಿಗೆ ಅದು ಸರಿ. ಡಾಂಬರು ಬಿಸಿಲಿಗೆ ಬಿರಿಯುತ್ತದೆ, ಪೆಟ್ರೋಲ್ ತುಳುಕಿದರೆ ಕರಗುತ್ತದೆ. ಅದರಡಿ ಏನಾಗುತ್ತಿದೆ ಎಂಬುದೂ ಕಾಣುವುದಿಲ್ಲ.

ಬಂದ ಬಣ್ಣವನ್ನು 180 ನಂಬರ್ ಎಮರಿ ಪೇಪರಿನಿಂದ ಉಜ್ಜಿ, ಸಡಿಲವಾದದ್ದನ್ನೆಲ್ಲ ತೆಗೆದು, ಹೊಸ ಕಾಟನ್ ವೇಸ್ಟ್‌ನಲ್ಲಿ ಥಿನ್ನರ್ ಒರೆಸಿ. ಜಿಂಕ್ ಫಾಸ್ಫೇಟ್ ಇರುವ ಎರಡು ಭಾಗದ ಎಪಾಕ್ಸಿ ಪ್ರೈಮರ್ ಎರಡು ಕೋಟು, ಒಟ್ಟು 70–80 ಮೈಕ್ರಾನ್. ಹೊಲಿಗೆಯ ತುಟಿಗಳಿಗೆ ಪಾಲಿಯುರೆಥೇನ್ ಸೀಮ್ ಸೀಲರ್ ಎಳೆದು, ಮೇಲೆ ಎರಡು ಕೋಟು ಪಿಯು (ಪಾಲಿಯುರೆಥೇನ್) ಪೇಂಟ್. ಕಲ್ಲೇಟು ಬೀಳುವ ತಳಕ್ಕೆ ಮಾತ್ರ ರಬ್ಬರ್ ರೂಪದ ಸ್ಟೋನ್ ಗಾರ್ಡ್. ಗಣಿ ಕಡೆಯ ರಸ್ತೆ ಜಲ್ಲಿಗೆ ಅದು ಬೇಕೇ ಬೇಕು.

ಪೌಡರ್ ಕೋಟಿಂಗ್? ಪೂರ್ತಿ ವೆಲ್ಡ್ ಆದ ಹೊಸ ಟ್ಯಾಂಕಿಗೆ ಆಗಬಹುದು. ಸೀಸ–ತವರದ ಬೆಸುಗೆ ಇದ್ದರೆ ಬೇಡ. ಆ ಒಲೆಯ ಬಿಸಿ 180–200 ಡಿಗ್ರಿ, ಬೆಸುಗೆ 183ಕ್ಕೇ ಕರಗಲು ಶುರು.

ಪಟ್ಟಿಯಡಿಯ ಫೆಲ್ಟ್ ಬಟ್ಟೆ ಹಾಗೇ ಇರಲಿ ಎನ್ನುತ್ತಾರೆ ಮೆಕ್ಯಾನಿಕ್. ಸರಿಯೇ?

ಹೊರಗಿನ ತುಕ್ಕಿಗೆ ಫೆಲ್ಟ್‌ಗಿಂತ ದೊಡ್ಡ ಕಾರಣವಿಲ್ಲ. ನೀರು ಕುಡಿದು ವಾರಗಟ್ಟಲೆ ತಗಡಿಗೆ ಒತ್ತಿಕೊಂಡಿರುತ್ತದೆ. ಹಳೇ ಟ್ಯಾಂಕು ಕೆಳಗಿಳಿಸಿ ನೋಡಿ, ಪಟ್ಟಿಯ ಅಗಲಕ್ಕೆ ಸರಿಯಾಗಿ ಸವೆದಿರುತ್ತದೆ. ಬದಲಿಗೆ 3 ಮಿ.ಮೀ. ದಪ್ಪದ ಇಪಿಡಿಎಂ ಅಥವಾ ನೈಟ್ರೈಲ್ ರಬ್ಬರ್ ಪಟ್ಟಿಯನ್ನು ಲೋಹದ ಪಟ್ಟಿಗೆ ಅಂಟಿಸಿ, ಟ್ಯಾಂಕಿಗೆ ಅಂಟಿಸಬೇಡಿ. ಟ್ಯಾಂಕಿನ ತಲೆಯ ಮೇಲೆ, ಡಿಕ್ಕಿ ತಗಡಿನ ಕೆಳಗಿನ ಸಂದಿಯಲ್ಲಿ ಮಣ್ಣು ತುಂಬದಂತೆ ನೋಡಿಕೊಳ್ಳಿ. ಅದು ಒಮ್ಮೆ ಒದ್ದೆಯಾದರೆ ಬೇಗ ಆರುವುದಿಲ್ಲ.

ರಬ್ಬರ್ ಹಾಕಿ ಪೇಂಟ್ ಮಾಡಿದ ಮೇಲೆ ಪೆಟ್ರೋಲ್ ಗೇಜು ಸತ್ತಿತು ಎಂಬ ದೂರು ಬಹಳ. ಗೇಜ್ ಯೂನಿಟ್‌ಗೆ ಅರ್ತ್ ಸಿಗುತ್ತಿದ್ದದ್ದೇ ಟ್ಯಾಂಕಿನ ಮೂಲಕ. ಯೂನಿಟ್‌ನ ಒಂದು ಸ್ಕ್ರೂನಿಂದ ಬಾಡಿಗೆ 1.5 ಚದರ ಮಿ.ಮೀ. ವೈರ್ ಎಳೆದರೆ ಆಯಿತು. ಹಾಗೆಯೇ ಯೂನಿಟ್‌ನ ಕಾರ್ಕ್ ಪ್ಯಾಕಿಂಗ್ ತೆಗೆದು, ಪೆಟ್ರೋಲ್–ಎಥನಾಲ್ ತಡೆಯುವ ವಿಟಾನ್ ರಬ್ಬರಿನದು ಹಾಕಿ. ರಬ್ಬರ್ ಹೋಸ್ ಕೊಳ್ಳುವಾಗ ಮೈ ಮೇಲೆ ‘ಎಸ್‌ಎಇ ಜೆ30 ಆರ್9’ ಎಂಬ ಇಂಧನ ಹೋಸಿನ ದರ್ಜೆ ಅಚ್ಚಾಗಿರುವುದನ್ನೇ ಕೇಳಿ.

ಡಿಕ್ಕಿಯಲ್ಲಿ ಗೊಬ್ಬರದ ಚೀಲ ಸಾಗಿಸುತ್ತೇವೆ. ತೊಂದರೆಯೇ?

ಪೊಟ್ಯಾಷ್ ಗೊಬ್ಬರ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಸಮುದ್ರದ ಉಪ್ಪಿನ ಸೋದರ. ಮೆಕ್ಕೆಜೋಳದ ಹೊಲಕ್ಕೆ ಒಯ್ಯುವಾಗ ಚೀಲದಿಂದ ಉದುರಿದ ಒಂದು ಹಿಡಿ ಡಿಕ್ಕಿಯ ನೆಲದ ಸಂದಿಯಿಂದ ಇಳಿದು ಟ್ಯಾಂಕಿನ ಹೊಲಿಗೆಯಲ್ಲಿ ಕೂತರೆ ಒಳ್ಳೆಯ ಪೇಂಟನ್ನೂ ಎಬ್ಬಿಸುತ್ತದೆ. ಟಾರ್ಪಾಲಿನ್ ಹಾಸಿ ಸಾಗಿಸಿ. ಬಿದ್ದಿದ್ದರೆ ಗುಡಿಸಿ ಬಿಡಬೇಡಿ, ನೀರಿನಲ್ಲಿ ತೊಳೆಯಿರಿ. ನೀರು ಬೇಡ ಎಂದು ಇಷ್ಟು ಹೊತ್ತು ಹೇಳಿದವರೇ ಹೇಳುತ್ತಿದ್ದೇವೆ, ಆದರೂ ಇಲ್ಲಿ ನೀರೇ ಮದ್ದು.

ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕು ತುಂಬಿಡಬೇಕೇ, ಖಾಲಿ ಮಾಡಬೇಕೇ?

ಮೂರು ತಿಂಗಳವರೆಗಾದರೆ ತುಂಬಿಡಿ, ಕಂಠಮಟ್ಟ ಬೇಡ. ಪೆಟ್ರೋಲು ಡಿಗ್ರಿಗೆ ಸುಮಾರು ಸಾವಿರಕ್ಕೆ ಒಂದರಷ್ಟು ಹಿಗ್ಗುತ್ತದೆ. 50 ಲೀಟರಿಗೆ 15 ಡಿಗ್ರಿ ಏರಿದರೆ ಮುಕ್ಕಾಲು ಲೀಟರ್ ಹೆಚ್ಚುತ್ತದೆ. 2–3 ಲೀಟರ್ ಜಾಗ ಬಿಡಿ. ಪೆಟ್ರೋಲ್ ಹಾಕುವಾಗಲೇ ತುಕ್ಕು ತಡೆಯುವ ಸ್ಟೆಬಿಲೈಸರ್ ಬೆರೆಸಿ, ಹತ್ತು ಕಿಲೋಮೀಟರ್ ಓಡಿಸಿ ಆಮೇಲೆ ನಿಲ್ಲಿಸಿ.

ಅದಕ್ಕೂ ಹೆಚ್ಚು ಕಾಲವಾದರೆ ಪೂರ್ತಿ ಬಸಿದು, ಒಣಗಿಸಿ, ಒಳಗೆ 2ಟಿ ಎಣ್ಣೆ ಸವರಿಡುವುದೇ ಮೇಲು. ಬಸಿದ ಪೆಟ್ರೋಲನ್ನು ದಿನಾ ಓಡುವ ಗಾಡಿಗೆ ಸ್ವಲ್ಪ ಸ್ವಲ್ಪ ಬೆರೆಸಿ ಮುಗಿಸಿ. ಕಾಲು ಟ್ಯಾಂಕು ಇಟ್ಟು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಗಾಳಿ ಬಾರದಿರಲಿ ಎಂದು ಮುಚ್ಚಳದ ಉಸಿರು ತೂತನ್ನು ಮುಚ್ಚಲೂಬೇಡಿ. ಪಂಪು ಎಳೆದಾಗ ಒಳಗೆ ನಿರ್ವಾತವಾಗಿ ಗಾಡಿ ನಿಲ್ಲುತ್ತದೆ, ತೆಳು ಟ್ಯಾಂಕಾದರೆ ಒಳಕ್ಕೆ ಕುಸಿಯುತ್ತದೆ.

ಪ್ರತಿ ತುಂಬಿಸುವಿಕೆಗೂ 2ಟಿ ಎಣ್ಣೆ ಬೆರೆಸುವ ಹಳೇ ಅಭ್ಯಾಸದಿಂದ ಪೆಟ್ರೋಲಿನ ಮೇಲಿರುವ ಬರಿಗಬ್ಬಿಣಕ್ಕೆ ಏನೂ ತಲುಪದು. ಪ್ಲಗ್ ಮಾತ್ರ ಕಪ್ಪಾಗುತ್ತದೆ.

ಫಿಲ್ಟರಿನಲ್ಲಿ ಕಸ ಬರುತ್ತಿದೆ. ಏನೆಂದು ತಿಳಿಯುವುದು ಹೇಗೆ?

ಪಂಪಿನ ಮೊದಲು ಪಾರದರ್ಶಕ ಫಿಲ್ಟರ್ ಇರಲಿ. ಕಸವನ್ನು ಬಿಳಿ ಕಾಗದದ ಮೇಲೆ ಒಣಗಿಸಿ ನೋಡಿ. ಕಂದು ಪುಡಿ ತುಕ್ಕು. ಬಿಳಿ ಪುಡಿ ಸತು, ಅಂದರೆ ಯಾರೋ ಜಿ.ಐ. ತಗಡು ಬಳಸಿರಬಹುದು, ಇಲ್ಲವೇ ಬೆಸುಗೆಯ ಉಳಿಕೆ. ಚಕ್ಕೆ ಅಥವಾ ಜೆಲ್ಲಿ ಸೀಲರ್. ಕಪ್ಪು, ಬೆರಳಿಗೆ ಮಸಿಯಂತೆ ಅಂಟಿದರೆ ಹಳೇ ರಬ್ಬರ್ ಹೋಸ್ ಕರಗುತ್ತಿದೆ. ಹೊಸ ಟ್ಯಾಂಕಿನ ಮೊದಲ ತಿಂಗಳು ಕಂದು ಪುಡಿ ಬಂದರೆ ಟ್ಯಾಂಕನ್ನೇ ದೂರಬೇಡಿ, ಬದಲಿಸದೆ ಬಿಟ್ಟ ಹಳೇ ಕಬ್ಬಿಣದ ಪೈಪಿನ ತುಕ್ಕನ್ನು ಎಥನಾಲ್ ಸಡಿಲಿಸುತ್ತಿರಬಹುದು.

ಹಳೇ ಟ್ಯಾಂಕಿಗೇ ಪ್ಯಾಚ್ ಹಾಕಿಸಿದರೆ?

ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ. 1.4ರಿಂದ 7.6ರ ನಡುವೆ ಇದ್ದರೆ ಕಿಡಿ ತಾಗಿದಾಗ ಸಿಡಿಯುತ್ತದೆ. ವರ್ಷದಿಂದ ಒಣಗಿದೆ ಎಂಬ ಟ್ಯಾಂಕಿನ ಮಡಿಕೆಯಲ್ಲೂ ಅಷ್ಟು ಸಿಗುತ್ತದೆ. ನೀರು ತುಂಬಿಸಿ ವೆಲ್ಡ್ ಮಾಡುತ್ತೇವೆ ಎನ್ನುವವರ ಕೈಗೂ ಕೊಡಬೇಡಿ.

ಡೀಸೆಲ್ ಅಂಬಾಸಿಡರಿಗೂ ಇದೇ ಕ್ರಮವೇ?

ತೊಳೆತ, ಹೊರಗಿನ ಪೇಂಟು, ಪಟ್ಟಿ ಎಲ್ಲ ಹಾಗೆಯೇ. ಡೀಸೆಲ್‌ಗೆ ನೀರನ್ನು ಕರಗಿಸಿಕೊಳ್ಳುವ ಶಕ್ತಿ ತೀರಾ ಕಡಿಮೆ, ಬಂದದ್ದೆಲ್ಲ ತಳದಲ್ಲೇ ಕೂರುತ್ತದೆ. ಆ ನೀರು–ಡೀಸೆಲ್ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಂದು ಲೋಳೆ ಕಟ್ಟುತ್ತದೆ, ಅದು ಹುಳಿ ಬಿಟ್ಟು ತಗಡನ್ನು ತಿನ್ನುತ್ತದೆ. ಮೂರು ತಿಂಗಳಿಗೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆ ಕಳೆದ ಮೇಲಂತೂ ತಪ್ಪದೆ, ಗಾಡಿ ರಾತ್ರಿಯಿಡೀ ನಿಂತ ಮೇಲೆ ಬೆಳಿಗ್ಗೆ ಅಲುಗಾಡಿಸದೆ ಡ್ರೈನ್ ಪ್ಲಗ್ ಸಡಿಲಿಸಿ ಅರ್ಧ ಲೀಟರ್ ಇಳಿಸಿ. ಜಿ.ಐ. ತಗಡು ಡೀಸೆಲ್‌ಗೂ ಬೇಡ. ಸತುವಿನ ಜತೆ ಡೀಸೆಲಿನ ಆಮ್ಲಗಳು ಸೇರಿ ಸಾಬೂನಿನಂಥ ಅಂಟು ಕಟ್ಟಿ ಇಂಜೆಕ್ಟರ್‌ಗೆ ಹೋಗುತ್ತದೆ.